ಓದುಗರ ಪ್ರಶ್ನೆ: ಮನೆ ಕಪಾಟಿಗೆ ಯಾವ ಕ್ರೈಂ ಸಿನಿಮಾ?

ಹೋದ ಸಂಚಿಕೇಲಿ ಮನೇಲಿ ಸಿನಿಮಾ ಕೂಡಿಟ್ಕೊಳ್ಳೋ ಅಭ್ಯಾಸದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕ್ರೈಂ, ಆಕ್ಷನ್ ಸಿನಿಮಾ ಬಗ್ಗೇನೇ ಇದ್ವು, ಅದಕ್ಕೆ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಸಾರ್, ನಾನು ರಿಟೈರ್ಡ್ ಬ್ಯಾಂಕ್ ನೌಕರ. ಮಗ ಹೊಸ ಟೀವಿ, ಪ್ಲೇಯರ್ ತಂದುಕೊಟ್ಟಿದಾನೆ. ಮೂವತ್ತು ನಲವತ್ತು ಡಿಸ್ಕ್ ಹಿಡಿಯೋ ಹಾಗೆ ಗೋಡೆಗೆ ಒಂದು ಕಪಾಟು ಮಾಡಿಸಿದೀನಿ. ಕ್ರೈಂ, ಫೈಟ್ ಸಿನಿಮಾ ಅಂದ್ರೆ ನನಗೆ ಮೊದಲಿಂದ್ಲೂ ಹುಚ್ಚು. ಕನ್ನಡದಲ್ಲೇ ಶುರು ಮಾಡ್ಬೇಕು ಅಂತ ಆಸೆ. ಎಲ್ಲಿಂದ ಹಿಡೀಲಿ?
(ತುಮಕೂರಿನ ಓದುಗರು)

ಉತ್ತರ: ಸಾರ್, ಮೊದಲು ಕಪಾಟು ತುಂಬಿಸೋ ಅವಸರ ಬಿಡಿ. ತೊಂಬತ್ತರ ದಶಕದಲ್ಲಿ ನಾನು ಕಾಲೇಜು ಮುಗಿಸ್ಕೊಂಡು ನಮ್ಮೂರ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಕ್ಯಾಸೆಟ್ ಲೈಬ್ರರೀಲಿ ಸಂಜೆ ಹೊತ್ತು ಕೂರ್ತಿದ್ದೆ. ಅಲ್ಲಿ ಕಂಡಿದ್ದೇನಂದ್ರೆ, ಬರೀ ಫೈಟಿಗೋಸ್ಕರ ಮಾಡಿದ ಸಿನಿಮಾದ ಕ್ಯಾಸೆಟ್ಟು ಮೊದಲ ವಾರ ಕೈಗೇ ಸಿಗ್ತಿರ್ಲಿಲ್ಲ, ಆರು ತಿಂಗಳು ಕಳೆದ್ರೆ ಅದೇ ಕ್ಯಾಸೆಟ್ಟು ಮೇಲಿನ ಅರೇಲಿ ಧೂಳು ತಿಂತಾ ಕೂತಿರೋದು, ಆದ್ರೆ ಕೆಲವು ಮಾತ್ರ ವರ್ಷಗಟ್ಲೆ ಹೋಗ್ತಾನೇ ಇರೋವು, ಟೇಪು ಸವೆದು ಗೆರೆ ಬಂದ್ರೂ "ಪರವಾಗಿಲ್ಲ ಕೊಡಿ" ಅಂತ ತಗೊಂಡು ಹೋಗೋರು. ಯಾಕಿರಬಹುದು ಅಂತ ಬಹಳ ದಿನ ತಲೆ ಕೆಡಿಸ್ಕೊಂಡೆ. ನನಗೆ ಹೊಳೆದಿದ್ದು ಇಷ್ಟು: ಆ ಸಿನಿಮಾಗಳಲ್ಲಿ ಮಚ್ಚು ಬೀಸಿದಲ್ಲಿಗೆ ಕಥೆ ನಿಲ್ಲಲ್ಲ. ಬೀಸಿದವನ ಮನೇಲಿ ಮಾರನೇ ದಿನ ಒಲೆ ಹತ್ತಿತಾ, ಬಿದ್ದವನ ತಾಯಿ ಎಲ್ಲಿ ಹೋದ್ಲು, ಸ್ಟೇಷನ್ನಿನ ಬೆಂಚ್ ಮೇಲೆ ಯಾರು ಕೂತಿದ್ರು, ಅದೆಲ್ಲ ಬರುತ್ತೆ. ಏಟಿಗೆ ತೂಕ ಇರುತ್ತೆ. ನಿಮ್ಮ ಕಪಾಟಿಗೂ ಅದನ್ನೇ ಅಳತೆಗೋಲು ಮಾಡ್ಕೊಳ್ಳಿ ಅಂತೀನಿ.

ಹಾಗಂತ ಹಗುರವಾದ್ದನ್ನ ಪೂರ್ತಿ ಬಿಡಬೇಕಿಲ್ಲ. ಮೊದಲ ಜಾಗ ನಿರ್ದೇಶಕರಾದ ದೊರೈ-ಭಗವಾನ್ ಜೋಡಿಯ ಸಿ.ಐ.ಡಿ. 999 ಗೂಢಚಾರಿ ಸಿನಿಮಾಗಳಿಗೆ ಕೊಡಿ. 1968ರ ಜೇಡರ ಬಲೆ, ಅದೇ ವರ್ಷ ಗೋವಾದಲ್ಲಿ ಸಿ.ಐ.ಡಿ. 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999, ಆಮೇಲೆ ಸುಮಾರು ಒಂಬತ್ತು ವರ್ಷ ಬಿಟ್ಟು 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ಪೌರಾಣಿಕದಲ್ಲಿ ಕಿರೀಟ ಹಾಕ್ಕೊಂಡು ನಿಂತಿದ್ದ ರಾಜ್‌ಕುಮಾರ್ ಇಲ್ಲಿ ಕೋಟು ಹಾಕ್ಕೊಂಡು ಪಿಸ್ತೂಲು ಹಿಡಿದು ಬರ್ತಾರೆ, ನೋಡೋಕೇ ಒಂದು ಖುಷಿ. ನಾಲ್ಕೂ ಸಿಗದಿದ್ರೆ ಮೊದಲನೇದು, ಕೊನೇದು ಸಾಕು.

ಅಲ್ಲಿಂದ ಶಂಕರ್‌ನಾಗ್ ಕಡೆ ಬನ್ನಿ. ಮಿಂಚಿನ ಓಟ (1980) ಅವರು ನಿರ್ದೇಶನ ಮಾಡಿದ ಮೊದಲ ಸಿನಿಮಾ. ಕಾರು ಕದಿಯೋ ಕಳ್ಳರು, ಜೈಲು, ಅಲ್ಲಿಂದ ತಪ್ಪಿಸ್ಕೊಳ್ಳೋ ಪ್ರಯತ್ನ. ಶಂಕರ್, ಅನಂತ್‌ನಾಗ್, ಲೋಕನಾಥ್ ಮೂವರೂ ಇದಾರೆ. ಐದು ವರ್ಷ ಬಿಟ್ಟು ಆಕ್ಸಿಡೆಂಟ್ ಮಾಡಿದ್ರು. ದೊಡ್ಡ ರಾಜಕಾರಣಿಯ ಮಗ ನಶೇಲಿ ಗಾಡಿ ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಹತ್ತಿಸ್ತಾನೆ, ಆಮೇಲೆ ಅದನ್ನ ಹೇಗೆ ಮುಚ್ಚಿ ಹಾಕ್ತಾರೆ ಅನ್ನೋದೇ ಕಥೆ. ಒಂದು ಹಾಡಿಲ್ಲ. ಸಾಮಾಜಿಕ ವಿಷಯದ ಸಿನಿಮಾಗೆ ಕೊಡೋ ರಾಷ್ಟ್ರಪ್ರಶಸ್ತಿ ಬಂದಿದೆ. ಇಂಥ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬಂದಾಗೆಲ್ಲ ನನಗೆ ಈ ಸಿನಿಮಾನೇ ಕಣ್ಮುಂದೆ ಬರುತ್ತೆ.

ಅಂತ (1981) ಬಿಟ್ರೆ ಕಪಾಟು ಅಪೂರ್ಣ ಸಾರ್. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಅಂಬರೀಶ್ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್ ಕೂಡ ಹೌದು ಕನ್ವರ್‌ಲಾಲ್ ಕೂಡ ಹೌದು. ಪೊಲೀಸು, ರಾಜಕೀಯ, ಕ್ರಿಮಿನಲ್ಲು ಎಲ್ಲ ಒಂದೇ ತಟ್ಟೇಲಿ ಉಣ್ಣೋದನ್ನ ಅಷ್ಟು ರೋಷದಿಂದ ಹೇಳಿದ ಸಿನಿಮಾ ಆ ಕಾಲಕ್ಕೆ ಇನ್ನೊಂದು ನನಗೆ ಗೊತ್ತಿಲ್ಲ. ಹಿಂಸೆಯ ಸೀನುಗಳು ಇವತ್ತಿಗೂ ಕೂತು ನೋಡೋಕೆ ಕಷ್ಟ, ಹಾಗೆ ಕಷ್ಟ ಆಗೋದ್ರಿಂದ್ಲೇ ಅದನ್ನ ಇಟ್ಕೊಳ್ಳಿ ಅಂತಿರೋದು.

ಸುನೀಲ್‌ಕುಮಾರ್ ದೇಸಾಯಿ ಅವರದು ಎರಡು ಇರ್ಲಿ. 1989ರ ತರ್ಕ, ಹಾಡೇ ಇಲ್ಲದ ಥ್ರಿಲ್ಲರ್, ಮತ್ತೆ 1993ರ ನಿಷ್ಕರ್ಷ. ಬ್ಯಾಂಕ್ ದರೋಡೆಗೆ ಬಂದವರು ಎತ್ತರದ ಕಟ್ಟಡದಲ್ಲಿ ಜನರನ್ನ ಒತ್ತೆ ಇಟ್ಕೊಳ್ತಾರೆ, ಕಮಾಂಡೋ ಆಗಿ ವಿಷ್ಣುವರ್ಧನ್ ಬರ್ತಾರೆ. ನೀವು ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಆ ಕೌಂಟರ್ ಹಿಂದೆ ಕೂತವರ ಭಯ ನಿಮಗೆ ಬೇರೆ ಥರಾನೇ ತಟ್ಟುತ್ತೆ.

ಈಗ ಓಂ. 1995, ಉಪೇಂದ್ರ ನಿರ್ದೇಶನ, ಶಿವರಾಜ್‌ಕುಮಾರ್, ಪ್ರೇಮ, ಹಂಸಲೇಖ ಸಂಗೀತ. ನಿಜವಾದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ರು ಅನ್ನೋದು ಎಲ್ಲರಿಗೂ ಗೊತ್ತು, ಥಿಯೇಟರಿಗೆ ಅದು ಮತ್ತೆ ಮತ್ತೆ ಬಂದಿದ್ದೂ ಗೊತ್ತು. ಆದ್ರೆ ಜನ ಮರೆತುಬಿಡೋದು ಅದರ ಹೀರೋ ಪುರೋಹಿತರ ಮನೆ ಹುಡುಗ ಅನ್ನೋದನ್ನ. ಜನಿವಾರದ ಮನೆಯಿಂದ ಲಾಂಗಿನವರೆಗೆ ಅವನು ನಡೆದ ದಾರಿ, ಆಮೇಲೆ ವಾಪಸ್ ಬರೋಕೆ ಅವನು ಪಡೋ ಪಾಡು, ಸಿನಿಮಾ ಅಂದ್ರೆ ಅದು. ಲಾಂಗು ಒಂದನ್ನೇ ಎತ್ಕೊಂಡು ಓಂ ಥರ ಮಾಡ್ತೀವಿ ಅಂತ ಹೊರಟವರ ಸಿನಿಮಾಗಳೇ ನಮ್ಮ ಲೈಬ್ರರಿಯ ಮೇಲಿನ ಅರೇಲಿ ಧೂಳು ತಿಂತಿದ್ದಿದ್ದು.

2007 ಒಂದೇ ವರ್ಷದಲ್ಲಿ ಎರಡು ಬಂದ್ವು. ಸೂರಿ ಅವರ ದುನಿಯಾ, ಕಲ್ಲು ಕ್ವಾರಿಯ ಕೂಲಿ ಶಿವಲಿಂಗು ಸತ್ತ ತಾಯಿಗೆ ಒಂದು ಸಮಾಧಿ ಕಟ್ಟಿಸ್ಬೇಕು ಅನ್ನೋ ಆಸೆ ಇಟ್ಕೊಂಡವನು ಬೆಂಗಳೂರಿನ ರೌಡಿಗಳ ಕೈಗೆ ಸಿಗ್ತಾನೆ. ಆಸೆ ಎಷ್ಟು ಚಿಕ್ಕದು ನೋಡಿ, ಕಳ್ಕೊಂಡಿದ್ದು ಎಷ್ಟು ದೊಡ್ಡದು. ಇನ್ನೊಂದು ಕೆ.ಎಂ. ಚೈತನ್ಯ ಅವರ ಆ ದಿನಗಳು, ಅಗ್ನಿ ಶ್ರೀಧರ್ ಅವರ ದಾದಾಗಿರಿಯ ದಿನಗಳು ಪುಸ್ತಕದಿಂದ ಬಂದಿದ್ದು, ಜಯರಾಜ್ ಮತ್ತೆ ಕೊತ್ವಾಲ್ ರಾಮಚಂದ್ರ ಅನ್ನೋ ರೌಡಿಗಳ ಕಾಲದ ಬೆಂಗಳೂರು. ಕೊತ್ವಾಲನಾಗಿ ಶರತ್ ಲೋಹಿತಾಶ್ವ ಸುಮ್ನೆ ಕೂತಿದ್ರೂ ಎದೆ ಢವಢವ ಅನ್ನುತ್ತೆ. ಇಳಯರಾಜ ಸಂಗೀತ. ಫೈಟೇ ಕಮ್ಮಿ ಸಾರ್ ಇದರಲ್ಲಿ, ಜನ ಮಾತಾಡ್ತಾ ಕೂರ್ತಾರೆ, ಕಾಯ್ತಾರೆ, ಭಯ ಪಡ್ತಾರೆ. ಒಂದೇ ಒಂದು ಡಿಸ್ಕ್ ಇಟ್ಕೋ ಅಂತ ನನಗೆ ಯಾರಾದ್ರೂ ಅಂದ್ರೆ ನಾನು ಇದನ್ನೇ ಇಟ್ಕೊಳ್ತೀನಿ.

ಆಮೇಲಿನದ್ದು ಬೇಗ ಹೇಳ್ತೀನಿ. ಉಳಿದವರು ಕಂಡಂತೆ (2014), ಮಲ್ಪೆಯ ಅಷ್ಟಮಿ ಹುಲಿವೇಷದ ನಡುವೆ ನಡೆಯೋ ಒಂದೇ ಘಟನೆಯನ್ನ ಬೇರೆ ಬೇರೆಯವರು ಕಂಡ ಹಾಗೆ ಹೇಳೋದು. ಟಗರು (2018), ಕಥೆ ಹಿಂದೆ ಮುಂದೆ ಜಿಗಿಯುತ್ತೆ, ಎರಡನೇ ಸಲ ನೋಡ್ದಾಗ್ಲೇ ಪೂರ್ತಿ ಸಿಗೋದು, ಅದಕ್ಕೇ ಮನೇಲಿ ಇರ್ಬೇಕು. ಕವಲುದಾರಿ (2019), ಮಣ್ಣು ಅಗೆದಾಗ ಸಿಕ್ಕ ಮೂಳೆಗಳ ಹಿಂದೆ ಬೀಳೋ ಟ್ರಾಫಿಕ್ ಪೊಲೀಸ್ ಕಥೆ, ಅನಂತ್‌ನಾಗ್ ಇದಾರೆ. ಗರುಡ ಗಮನ ವೃಷಭ ವಾಹನ (2021), ಮಂಗಳೂರಿನ ಮಂಗಳಾದೇವಿ, ಇಬ್ಬರು ಸ್ನೇಹಿತರು. ಕೆಜಿಎಫ್ ಎರಡೂ ಭಾಗ ದೊಡ್ಡ ಪರದೆ, ದೊಡ್ಡ ಸೌಂಡಿಗೆ ಮಾಡಿದ್ದು, ನಿಮ್ಮ ಮನೇಲಿ ಒಳ್ಳೆ ಸ್ಪೀಕರ್ ಇದ್ರೆ ತಗೊಳ್ಳಿ, ಟೀವಿಯ ಪುಟ್ಟ ಸ್ಪೀಕರಲ್ಲಿ ಅದು ಅರ್ಧ ಸಿನಿಮಾ ಅಷ್ಟೇ.

ಎಲ್ಲವೂ ಡಿಸ್ಕಲ್ಲಿ ಸಿಗಲ್ಲ, ಇತ್ತೀಚಿನವಂತೂ ಹೆಚ್ಚಾಗಿ ಓಟಿಟೀಲೇ ಇರೋದು. ಹಳೇವು ಸೆಕೆಂಡ್ ಹ್ಯಾಂಡಲ್ಲಿ ಕಂಡ ದಿನಾನೇ ತಗೊಂಡ್ಬಿಡಿ.

ಪ್ರಶ್ನೆ: ನಮ್ಮ ತಂದೆ ಇಪ್ಪತ್ತು ವರ್ಷದ ಹಿಂದೆ ಕೂಡಿಟ್ಟ ವಿಸಿಡಿ ಸುಮಾರು ಇನ್ನೂರಿವೆ, ಬಹುಪಾಲು ಪ್ರಭಾಕರ್, ಅಂಬರೀಶ್, ಶಂಕರ್‌ನಾಗ್, ದೇವರಾಜ್ ಅವರ ಪೊಲೀಸ್ ಸಿನಿಮಾಗಳು. ತಂದೆ ಹೋದ ವರ್ಷ ತೀರ್ಕೊಂಡ್ರು. ಪ್ಲೇಯರ್ ಕೆಟ್ಟಿದೆ. ಮನೇಲಿ ಎಲ್ಲರೂ ಗುಜರಿಗೆ ಹಾಕು ಅಂತಾರೆ, ನನಗೆ ಮನಸ್ಸು ಬರ್ತಿಲ್ಲ.
(ಹಾಸನದ ಓದುಗರು)

ಉತ್ತರ: ದಯವಿಟ್ಟು ಹಾಕ್ಬೇಡಿ. ಅದರಲ್ಲಿ ಎಷ್ಟೋ ಸಿನಿಮಾಗಳಿಗೆ ಆ ವಿಸಿಡಿ ಬಿಟ್ರೆ ನಿಮ್ಮ ಕೈಗೆ ಸಿಗೋ ಬೇರೆ ಕಾಪಿ ಇಲ್ಲದೇ ಇರಬಹುದು.

ಪ್ಲೇಯರ್ ಇಲ್ದಿದ್ರೂ ನಡೆಯುತ್ತೆ. ಯುಎಸ್‌ಬಿಗೆ ಹಾಕೋ ಒಂದು ಡಿವಿಡಿ ಡ್ರೈವ್ ತಗೊಂಡು ಲ್ಯಾಪ್‌ಟಾಪಿಗೆ ಚುಚ್ಚಿ. ಡಿಸ್ಕ್ ಓಪನ್ ಮಾಡಿದ್ರೆ ಎಂಪೆಗ್‌ಎವಿ (MPEGAV) ಅಂತ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ದೊಡ್ಡ ದೊಡ್ಡ ಡ್ಯಾಟ್ (.DAT) ಫೈಲ್ ಇರ್ತವೆ, ಅದೇ ಸಿನಿಮಾ. ವಿಎಲ್‌ಸಿ ಪ್ಲೇಯರ್ ಅನ್ನೋ ಸಾಫ್ಟ್‌ವೇರಲ್ಲಿ ಸೀದಾ ಓಡುತ್ತೆ. ಒಂದು ಡಿಸ್ಕಿಗೆ 74ರಿಂದ 80 ನಿಮಿಷ ಮಾತ್ರ ಹಿಡಿಯೋದ್ರಿಂದ ಒಂದು ಸಿನಿಮಾಗೆ ಎರಡು ಮೂರು ಡಿಸ್ಕ್ ಇರುತ್ತೆ, ಕಾಪಿ ಮಾಡುವಾಗ ಸಿನಿಮಾ ಹೆಸರಿನ ಜೊತೆ ಒಂದು, ಎರಡು ಅಂತ ಅವತ್ತೇ ಬರೆದಿಡಿ, ಆಮೇಲೆ ಕ್ಲೈಮ್ಯಾಕ್ಸ್ ಯಾವುದು ಶುರು ಯಾವುದು ಅಂತ ಹುಡುಕೋದು ಬಹಳ ಕಷ್ಟ.

ಚಿತ್ರ ಮಸುಕು ಅಂತ ಬೇಜಾರಾಗ್ಬೇಡಿ. ವಿಸಿಡೀಲಿ ಇರೋದೇ 352 ಇಂಟು 288 ಚುಕ್ಕಿ. ಡಿವಿಡೀಲಿ 720 ಇಂಟು 576, ಬ್ಲೂ-ರೇಲಿ 1920 ಇಂಟು 1080. ದೊಡ್ಡ ಟೀವೀಲಿ ವಿಸಿಡಿ ಎಳೆದು ಹಿಗ್ಗಿಸ್ದಾಗ ಮುಖ ಎಲ್ಲ ಚೌಕ ಚೌಕ ಆಗುತ್ತೆ, ಲ್ಯಾಪ್‌ಟಾಪಲ್ಲಿ ಚಿಕ್ಕದಾಗಿ ನೋಡಿದ್ರೆ ಚೆನ್ನಾಗಿ ಕಾಣುತ್ತೆ.

ಡಿಸ್ಕ್ ಕೊಳೆ ಇದ್ರೆ ಮೆತ್ತನೆ ಹತ್ತಿ ಬಟ್ಟೇಲಿ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಒರೆಸಿ, ಸುತ್ತು ಸುತ್ತು ತಿಕ್ಬೇಡಿ, ಸುತ್ತಲಾಗಿ ಬಿದ್ದ ಗೀರು ಓದೋ ಲೇಸರಿಗೆ ಜಾಸ್ತಿ ತೊಂದ್ರೆ ಕೊಡುತ್ತೆ. ನಿಲ್ಲಿಸಿ ಇಡಿ, ಬಿಸಿಲು ಬೀಳೋ ಕಡೆ ಬೇಡ. ಕಾಪಿ ಮಾಡಿದ್ದನ್ನ ಒಂದೇ ಹಾರ್ಡ್ ಡಿಸ್ಕಲ್ಲಿ ಇಟ್ಟು ನೆಮ್ಮದಿಯಾಗಿ ಕೂರ್ಬೇಡಿ. ನನ್ನ ಹಾರ್ಡ್ ಡಿಸ್ಕ್ ಒಂದು ಮೇಜಿನಿಂದ ಬಿದ್ದು ಆರು ವರ್ಷದ ಸಂಗ್ರಹ ಒಂದು ಕ್ಷಣದಲ್ಲಿ ಹೋಯ್ತು, ಅದರಲ್ಲಿ ಕೆಲವನ್ನ ಇವತ್ತಿನ ತನಕ ವಾಪಸ್ ಹುಡುಕೋಕಾಗಿಲ್ಲ. ಎರಡು ಕಡೆ ಇಡಿ, ಎರಡನೇದು ಬೇರೆ ಮನೇಲಿದ್ರೆ ಇನ್ನೂ ಒಳ್ಳೇದು. ಮೂಲ ಡಿಸ್ಕಿನ ಕವರುಗಳನ್ನ ಎಸೀಬೇಡಿ, ತಂದೆಯವರು ಅದರ ಮೇಲೆ ಏನಾದ್ರೂ ಬರೆದಿರ್ತಾರೆ ನೋಡಿ, ತಗೊಂಡ ತಾರೀಕೋ, ಯಾರಿಗೋ ಕೊಟ್ಟಿದ್ದ ಲೆಕ್ಕವೋ.

ಪ್ರಶ್ನೆ: ಅಣ್ಣ, ಅಮೆರಿಕದಲ್ಲಿರೋ ನಮ್ಮಕ್ಕ ಮುಂದಿನ ತಿಂಗಳು ಊರಿಗೆ ಬರ್ತಿದಾಳೆ, ಬ್ಲೂ-ರೇ ಡಿಸ್ಕು ಪ್ಲೇಯರು ಎರಡೂ ಅಲ್ಲಿಂದ್ಲೇ ತರ್ತೀನಿ ಅಂತಿದಾಳೆ. ತರಿಸ್ಕೊಳ್ಳಲಾ?
(ಶಿವಮೊಗ್ಗದ ಓದುಗ)

ಉತ್ತರ: ತಮ್ಮಾ, ಮೊದಲು ಪ್ಲೇಯರ್ ಹಿಂಭಾಗದಲ್ಲಿ ಎಷ್ಟು ವೋಲ್ಟ್ ಅಂತ ಬರೆದಿದೆ ಅನ್ನೋದನ್ನ ಅಕ್ಕನ ಹತ್ರ ಫೋಟೋ ಹೊಡೆಸಿ ತರಿಸ್ಕೊ. 100ರಿಂದ 240 ಅಂತಿದ್ರೆ ಸರಿ. ಬರೀ 120 ಅಂತಿದ್ದು ನಮ್ಮ 230ಕ್ಕೆ ಹಾಕಿದ್ರೆ ಸುಟ್ಟೋಗುತ್ತೆ.

ಎರಡನೇದು ರೀಜನ್, ಅಂದ್ರೆ ಯಾವ ದೇಶದ ಡಿಸ್ಕು ಯಾವ ಪ್ಲೇಯರಲ್ಲಿ ಓಡ್ಬೇಕು ಅಂತ ಹಾಕಿರೋ ಲಾಕು. ಡಿವಿಡೀಲಿ ಅಮೆರಿಕ 1, ಇಂಡಿಯಾ 5. ಬ್ಲೂ-ರೇಲಿ ಅಮೆರಿಕ ಎ, ಯೂರೋಪು ಬಿ, ಇಂಡಿಯಾ ಸಿ. ಅಲ್ಲಿನ ಎ ಡಿಸ್ಕು ಇಲ್ಲಿನ ಸಿ ಪ್ಲೇಯರಲ್ಲಿ ಓಡಲ್ಲ, ಅಲ್ಲಿನ ಪ್ಲೇಯರಲ್ಲಿ ನಿನ್ನತ್ರ ಇರೋ ಇಲ್ಲಿನ ಡಿವಿಡಿ ಓಡಲ್ಲ. ಆದ್ರೆ ಎಲ್ಲ ಡಿಸ್ಕಿಗೂ ಲಾಕ್ ಹಾಕಿರಲ್ಲ, ಎಷ್ಟೋ ಬ್ಲೂ-ರೇಗಳು ಎಲ್ಲ ಕಡೆ ಓಡ್ತವೆ, 4ಕೆ ಡಿಸ್ಕಿಗಂತೂ ರೀಜನ್ನೇ ಇಲ್ಲ. ಹಾಗಾಗಿ ತರಿಸೋದಾದ್ರೆ ಎಲ್ಲ ರೀಜನ್ನೂ ಓಡಿಸೋ ಪ್ಲೇಯರ್ ತರಿಸು. ಸ್ಯಾಮ್‌ಸಂಗ್, ಎಲ್‌ಜಿ ಎರಡೂ ಬ್ಲೂ-ರೇ ಪ್ಲೇಯರ್ ಮಾಡೋದನ್ನ ನಿಲ್ಲಿಸಿಬಿಟ್ಟಿವೆ, ಮುಂದೆ ಆಯ್ಕೆ ಇನ್ನೂ ಕಮ್ಮಿ ಆಗುತ್ತೆ.

ಪ್ರಶ್ನೆ: ನಮ್ಮ ಮಗನಿಗೆ ಹದಿಮೂರು. ಅವರಪ್ಪ ಮಚ್ಚು ಲಾಂಗು ಸಿನಿಮಾಗಳನ್ನೇ ಮನೆ ತುಂಬ ತಂದಿಟ್ಟಿದಾರೆ. ಹುಡುಗ ರೌಡಿಗಳ ಡೈಲಾಗ್ ಹೊಡ್ಕೊಂಡು ತಿರುಗ್ತಾನೆ. ಎಲ್ಲಾನೂ ಬೀಗ ಹಾಕಿಡ್ಲಾ?
(ಮಂಡ್ಯದ ಗೃಹಿಣಿ)

ಉತ್ತರ: ಮೇಡಂ, ನಿಮ್ಮ ಆತಂಕ ಸರಿಯಾಗೇ ಇದೆ. "ಎ" ಸರ್ಟಿಫಿಕೇಟ್ ಇರೋದನ್ನ ಹೌದು, ಬೀಗ ಹಾಕಿ, ಅದರಲ್ಲಿ ಮಾತೇ ಇಲ್ಲ. ಉಳಿದಿದ್ದಕ್ಕೆ ಕವರ್ ಮೇಲೆ ನೋಡಿ, 2024ರಿಂದ ಯು/ಎ ಅನ್ನೋದನ್ನ 7+, 13+, 16+ ಅಂತ ಮೂರು ಮಾಡಿದಾರೆ, ಹೊಸ ಸಿನಿಮಾಗಳಿಗೆ ಅದು ನಿಮಗೆ ಸಹಾಯ ಆಗುತ್ತೆ. ಹಳೇ ಸಿನಿಮಾಗಳಿಗೆ ಈ ಲೆಕ್ಕ ಇಲ್ಲ, ಅಲ್ಲಿ ನೀವೇ ಒಂದ್ಸಲ ನೋಡ್ಬೇಕು.

ಆದ್ರೆ ಬೀಗ ಒಂದರಿಂದ್ಲೇ ಆಗಲ್ಲ ಮೇಡಂ, ಯಾಕಂದ್ರೆ ಹುಡುಗನಿಗೆ ಈ ಡೈಲಾಗುಗಳು ಸಿಗೋದು ಸಿನಿಮಾದಿಂದಲ್ಲ, ಮೊಬೈಲಲ್ಲಿ ಬರೋ ಅರ್ಧ ನಿಮಿಷದ ತುಣುಕುಗಳಿಂದ. ಅದರಲ್ಲಿ ಹೀರೋ ನಡೆದು ಬರೋದು, ಮ್ಯೂಸಿಕ್ಕು, ಡೈಲಾಗು ಅಷ್ಟೇ ಇರುತ್ತೆ, ಕಥೆಯ ಕೊನೆ ಇರಲ್ಲ. ಅವನಿಗೆ ಹದಿನಾರು ಹದಿನೇಳು ಆದ್ಮೇಲೆ ಅವರಪ್ಪ ಪಕ್ಕದಲ್ಲಿ ಕೂತು ದುನಿಯಾ ಪೂರ್ತಿ ತೋರಿಸ್ಲಿ, ಮಧ್ಯ ಎದ್ದು ಹೋಗೋಕೆ ಬಿಡಬಾರದು. ಶಿವಲಿಂಗುವಿನ ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನೋಡಿದವನ ಬಾಯಲ್ಲಿ ಆಮೇಲೆ ಡೈಲಾಗ್ ಅಷ್ಟು ಸಲೀಸಾಗಿ ಬರಲ್ಲ. ಅಲ್ಲೀತನಕ ಸಿ.ಐ.ಡಿ. 999 ತೋರಿಸಿ, ಶಂಕರ್‌ನಾಗ್ ಅವರ ಸಾಂಗ್ಲಿಯಾನ ಆದ್ರೆ ನೀವೂ ಜೊತೇಲಿ ಕೂತು ನೋಡಿ.

ಪ್ರಶ್ನೆ: ಕನ್ನಡದಾಚೆ ನಾಲ್ಕೈದು ಹೇಳಿ ಸಾರ್. ಎಲ್ಲರೂ ಹೇಳೋ ಮಾಫಿಯಾ ಸಿನಿಮಾಗಳು ನನ್ನತ್ರ ಆಗ್ಲೇ ಇವೆ.
(ಮಂಗಳೂರಿನ ಓದುಗರು)

ಉತ್ತರ: ಅಕಿರ ಕುರೊಸಾವ ಅವರ ಹೈ ಆ್ಯಂಡ್ ಲೋ, 1963, ಜಪಾನು. ಶೂ ಕಂಪನಿಯ ಸಾಹುಕಾರನ ಮಗನನ್ನ ಕದೀಲಿಕ್ಕೆ ಬಂದವನು ತಪ್ಪಿ ಅವನ ಡ್ರೈವರಿನ ಮಗನನ್ನ ಎತ್ಕೊಂಡು ಹೋಗ್ತಾನೆ. ಈಗ ಸಾಹುಕಾರ ತನ್ನ ದುಡ್ಡೆಲ್ಲ ಡ್ರೈವರ್ ಮಗನಿಗೋಸ್ಕರ ಕಳ್ಕೊಳ್ತಾನಾ? ಮೊದಲರ್ಧ ಬಹುಮಟ್ಟಿಗೆ ಒಂದು ಡ್ರಾಯಿಂಗ್ ರೂಮಲ್ಲೇ ನಡೆಯುತ್ತೆ, ಆ ಡ್ರೈವರು ಮೂಲೇಲಿ ತಲೆ ತಗ್ಗಿಸ್ಕೊಂಡು ನಿಂತಿರೋದನ್ನ ನೋಡ್ತಿದ್ರೆ ಕರುಳು ಹಿಂಡುತ್ತೆ. ಕಪ್ಪು ಬಿಳುಪು ಸಿನಿಮಾ, ಒಂದೇ ಒಂದು ಕಡೆ ಚಿಮಣಿಯಿಂದ ಗುಲಾಬಿ ಬಣ್ಣದ ಹೊಗೆ ಬರುತ್ತೆ, ಅಲ್ಲಿ ನಾನು ಪ್ರತಿ ಸಲವೂ ಎದ್ದು ಕೂರ್ತೀನಿ.

ಬೊಂಗ್ ಜೂನ್-ಹೋ ಅವರ ಮೆಮೊರೀಸ್ ಆಫ್ ಮರ್ಡರ್, 2003, ಕೊರಿಯಾ. ಹ್ವಾಸೊಂಗ್‌ನಲ್ಲಿ 1986ರಿಂದ 1991ರವರೆಗೆ ನಡೆದ ಹೆಂಗಸರ ಕೊಲೆಗಳ ಮೇಲೆ ಮಾಡಿದ್ದು. ಸಿನಿಮಾ ಬಂದಾಗ ಕೊಲೆಗಾರ ಯಾರು ಅಂತಾನೇ ಗೊತ್ತಿರ್ಲಿಲ್ಲ, 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯ್ತು, ಬೇರೆ ಕೇಸಲ್ಲಿ ಆಗ್ಲೇ ಜೈಲಲ್ಲಿದ್ದ. ಇದನ್ನ ತಿಳ್ಕೊಂಡು ಕೊನೇ ಶಾಟ್ ನೋಡಿ.

ಹಾಂಕಾಂಗ್‌ನ ಇನ್‌ಫರ್ನಲ್ ಅಫೇರ್ಸ್ (2002), ಪೊಲೀಸರಲ್ಲೊಬ್ಬ ಗ್ಯಾಂಗಿನವನು, ಗ್ಯಾಂಗಲ್ಲೊಬ್ಬ ಪೊಲೀಸಿನವನು. ಸ್ಕೋರ್ಸೇಸಿ ಇದನ್ನೇ ಇಟ್ಕೊಂಡು 2006ರಲ್ಲಿ ದಿ ಡಿಪಾರ್ಟೆಡ್ ಮಾಡಿ ಆಸ್ಕರ್ ತಗೊಂಡ್ರು, ನನಗೆ ಮೂಲವೇ ಹೆಚ್ಚು. ಮೈಕಲ್ ಮನ್ ಅವರ ಹೀಟ್ (1995) ಬಂದೂಕಿನ ಸದ್ದಿಗೋಸ್ಕರವಾದ್ರೂ ಬೇಕು, ಲಾಸ್ ಏಂಜಲೀಸ್ ಬೀದೀಲಿ ಚಿತ್ರೀಕರಣ ಮಾಡುವಾಗ ಕಟ್ಟಡಗಳಿಗೆ ಬಡಿದು ಬಂದ ಸದ್ದನ್ನೇ ಉಳಿಸ್ಕೊಂಡಿದಾರೆ. ಬರೀ ಕೈಕಾಲಿನ ಫೈಟ್ ಬೇಕಂದ್ರೆ ಇಂಡೊನೇಷ್ಯಾದ ದಿ ರೇಡ್ (2011). ಕಥೆ ಕೇಳ್ಬೇಡಿ, ಒಂದು ಬಿಲ್ಡಿಂಗು, ಒಳಗೆ ಸಿಕ್ಕಾಕ್ಕೊಂಡ ಪೊಲೀಸರು.

ಪ್ರಶ್ನೆ: ನಿಜವಾದ ಸ್ಟಂಟ್ ಇರೋ ಸಿನಿಮಾ ಮಾತ್ರ ಇಟ್ಕೊಳ್ತೀನಿ, ಗ್ರಾಫಿಕ್ಸ್ ಫೈಟ್ ನನಗೆ ಬೇಡ. ಸರಿನಾ?
(ದಾವಣಗೆರೆಯ ಓದುಗ)

ಉತ್ತರ: ನಾನೂ ಒಂದು ಕಾಲಕ್ಕೆ ಹಾಗೇ ಅಂತಿದ್ದೆ. ಜಾಕಿ ಚಾನ್ ಅವರ 1985ರ ಪೊಲೀಸ್ ಸ್ಟೋರಿ ನೋಡಿ, ಶಾಪಿಂಗ್ ಮಾಲಿನ ಕಂಬ ಹಿಡ್ಕೊಂಡು ಬಲ್ಬುಗಳನ್ನ ಒಡೀತಾ ಕೆಳಗೆ ಜಾರ್ತಾರಲ್ಲ, ಕೈ ಸುಟ್ಟಿತ್ತು. ಅದು ನನ್ನ ಕಪಾಟಲ್ಲೂ ಇದೆ. ಆದ್ರೆ 2016ರ ನವೆಂಬರ್ 7ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಒಂದು ಕ್ಲೈಮ್ಯಾಕ್ಸಿಗೋಸ್ಕರ ಹೆಲಿಕಾಪ್ಟರಿನಿಂದ ನೀರಿಗೆ ಜಿಗಿದ ನಟರಾದ ಅನಿಲ್, ಉದಯ್ ಇಬ್ಬರೂ ಮುಳುಗಿ ತೀರ್ಕೊಂಡ್ರು. ಅವತ್ತು ಟೀವೀಲಿ ಆ ದೃಶ್ಯ ಮತ್ತೆ ಮತ್ತೆ ಹಾಕ್ತಿದ್ರು, ನನಗೆ ನೋಡೋಕಾಗ್ಲಿಲ್ಲ, ಎದ್ದು ಹೊರಗೆ ಹೋದೆ. ಅಲ್ಲಿಂದ ಮುಂದೆ "ನಿಜವಾದ ಸ್ಟಂಟ್" ಅನ್ನೋದನ್ನ ಹೊಗಳಿಕೆಯಾಗಿ ನಾನು ಬರೆದಿಲ್ಲ. ಹಗ್ಗ ಕಟ್ಟಿ, ಬಲೆ ಹಾಸಿ, ಆಮೇಲೆ ಕಂಪ್ಯೂಟರಲ್ಲಿ ಹಗ್ಗ ಅಳಿಸಿದ್ರೆ ಅದು ಒಳ್ಳೇ ಕೆಲಸ ತಮ್ಮಾ. ಫೈಟು ಚೆನ್ನಾಗಿದೆಯಾ ಅಂತ ನೋಡೋಕೆ ಬೇರೆ ದಾರಿ ಇದೆ: ಯಾರು ಎಲ್ಲಿದಾರೆ, ಬಾಗಿಲು ಎಲ್ಲಿದೆ, ಏಟು ಬಿದ್ದವನಿಗೆ ಆಮೇಲೂ ನೋಯ್ತಾ ಇದೆಯಾ ಅಂತ ನೋಡು. ಮುಂದಿನ ಸೀನಲ್ಲಿ ಕುಂಟ್ತಾ ಬಂದ್ರೆ ಅದು ಇಟ್ಕೊಳ್ಳೋ ಸಿನಿಮಾ.

ಪ್ರಶ್ನೆ: ಡಿಸ್ಕ್ ಸಿಗದ ಸಿನಿಮಾನ ಆ್ಯಪಲ್ಲಿ ಯಾರೋ ಹಾಕಿರೋ ಲಿಂಕಿಂದ ಇಳಿಸ್ಕೊಂಡ್ರೆ ತಪ್ಪಾ?
(ಹೆಸರು ಬೇಡ ಅಂದ ಓದುಗರು)

ಉತ್ತರ: ತಪ್ಪು. ಥಿಯೇಟರಲ್ಲಿ ಕದ್ದು ಚಿತ್ರೀಕರಿಸಿ ಹಂಚೋದಕ್ಕೆ 2023ರ ತಿದ್ದುಪಡಿ ಕಾಯ್ದೇಲಿ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ 3 ಲಕ್ಷ ದಂಡ ಇಟ್ಟಿದಾರೆ. ಸಿಗದೇ ಇರೋ ಸಿನಿಮಾಗೆ ನಿರ್ಮಾಪಕರಿಗೋ ವಿಡಿಯೋ ಕಂಪನಿಗೋ ಒಂದು ಪತ್ರ ಬರೀರಿ, ಕೇಳೋರು ಇದಾರೆ ಅಂತ ಗೊತ್ತಾದ್ರೆ ತಾನೇ ಹಳೇ ನೆಗೆಟಿವ್ ಹೊರಗೆ ತೆಗೆಯೋದು. ನಿಷ್ಕರ್ಷ 2019ರಲ್ಲಿ ಡಿಜಿಟಲ್ ಆಗಿ ಮತ್ತೆ ಥಿಯೇಟರಿಗೆ ಬಂತಲ್ಲ.

ಪ್ರಶ್ನೆ: ಕಪಾಟಲ್ಲಿ ಹೇಗೆ ಜೋಡಿಸ್ಲಿ, ಅಕ್ಷರದ ಪ್ರಕಾರನಾ, ಹೀರೋ ಪ್ರಕಾರನಾ?
(ಬೆಳಗಾವಿಯ ಓದುಗರು)

ಉತ್ತರ: ಬಂದ ವರ್ಷದ ಪ್ರಕಾರ ಜೋಡಿಸಿ. ಜೇಡರ ಬಲೆಯಿಂದ ಎಡಗಡೆ ಶುರು ಮಾಡಿದ್ರೆ ಪಿಸ್ತೂಲು ಎಲ್ಲಿ ಹೋಯ್ತು, ಲಾಂಗು ಯಾವಾಗ ಬಂತು, ಬೆಂಗಳೂರಿಂದ ಕಥೆ ಯಾವಾಗ ಕರಾವಳಿಗೆ ಹೋಯ್ತು ಅನ್ನೋದು ಕಪಾಟಿನ ಮುಂದೆ ನಿಂತ್ರೇ ಕಾಣುತ್ತೆ. ಬಲಗಡೆ ಒಂದು ಗೇಣು ಜಾಗ ಖಾಲಿ ಬಿಟ್ಟಿರಿ.